ಜರ್‌ರ್ ಅನ್ನೋ ಸದ್ದು

ನಮ್ಮಪ್ಪ ಮೇಷ್ಟ್ರು, ಅರಸೀಕೆರೆ ಕಡೆ ಒಂದು ಹಳ್ಳಿ ಸ್ಕೂಲಲ್ಲಿದ್ರು. ಯಾವ್ದೋ ವರ್ಷ ಅರಿಯರ್ಸ್ ದುಡ್ಡು ಒಟ್ಟಿಗೆ ಬಂದಾಗ ಒಂದು ಟೂ-ಇನ್-ಒನ್ ತಂದ್ರು, ಬೂದು ಬಣ್ಣದ್ದು, ಒಂದು ಕಡೆ ಕ್ಯಾಸೆಟ್ ಹಾಕೋ ಬಾಗ್ಲು, ಇನ್ನೊಂದು ಕಡೆ ತೂತು ತೂತಿನ ಜಾಲರಿ, ಅದ್ರ ಹಿಂದೆ ಅಂಗೈ ಅಗಲದ ಒಂದೇ ಒಂದು ಸ್ಪೀಕರ್. ಅಮ್ಮ ಅದಕ್ಕೆ ಕ್ರೋಷಾದಲ್ಲಿ ಹೆಣೆದ ಬಟ್ಟೆ ಹೊದಿಸಿಟ್ಟಿದ್ರು, ನೆಂಟರು ಬಂದಾಗ ಆ ಬಟ್ಟೆ ತೆಗೆಯೋದೇ ಒಂದು ಕಾರ್ಯಕ್ರಮ. ನಂಗೆ ಆಗ ಎಂಟೋ ಒಂಬತ್ತೋ. ಒಳಗೆ ಕೂತು ಹಾಡೋರು ಯಾರು ಅಂತ ಇಣುಕಿ ನೋಡೋ ವಯಸ್ಸೇನಲ್ಲ, ಆದ್ರೂ ಒಂದಿನ ಮಧ್ಯಾಹ್ನ ಎಲ್ಲ ಮಲಗಿದ್ದಾಗ ಆ ಜಾಲರಿ ತೂತಲ್ಲಿ ಕೈವಾರದ ಮೊನೆ ತೂರಿಸಿದೆ, ಒಳಗೆ ಏನೋ ಮೆತ್ತಗೆ, ಹಪ್ಪಳ ಇನ್ನೂ ಒಣಗದೆ ಇದ್ದಾಗ ಇರುತ್ತಲ್ಲ ಆ ಥರ ಸಿಕ್ತು, ಇನ್ನೊಂಚೂರು ಒತ್ತಿದೆ, ಪರ್ ಅಂತು.

ಸಂಜೆ ಪ್ರದೇಶ ಸಮಾಚಾರ ಹಾಕಿದ್ರೆ ವಾರ್ತೆ ಓದೋರಿಗೆ ನೆಗಡಿ.

ಸಂತೆ ದಿನ ಅಪ್ಪ ಅದನ್ನ ಟವಲ್‌ನಲ್ಲಿ ಸುತ್ಕೊಂಡು ಬಸ್ಸಲ್ಲಿ ಅರಸೀಕೆರೆಗೆ ಹೊರಟ್ರು, ನನ್ನೂ ಕರ್ಕೊಂಡು. ರಿಪೇರಿ ಅಂಗಡಿಯವ್ರು ಹಿಂದಿನ ಸ್ಕ್ರೂ ಬಿಚ್ಚಿ ಲೈಟ್ ಬಿಟ್ಟು ನೋಡಿ "ಕೋನ್ ಹರ್ದಿದೆ ಮೇಷ್ಟ್ರೇ, ಇಲಿ ಕಡ್ದಿರ್ಬೇಕು" ಅಂದ್ರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ನಿಂತಿದ್ದೆ. ಹೊಸ ಸ್ಪೀಕರ್ ಹಾಸನದಿಂದ ತರಿಸ್ಬೇಕು, ಅಲ್ಲಿವರೆಗೂ ಒಂದು ತೇಪೆ ಹಾಕ್ಕೊಡ್ತೀನಿ ಅಂತ ಹೇಳಿ ಯಾವ್ದೋ ಮದ್ವೆ ಕಾರ್ಡಿನ ಒಳಗಿರೋ ತೆಳು ಪೇಪರ್ ಹರಿದು ಫೆವಿಕಾಲ್ ಹಚ್ಚಿ ಅಂಟಿಸಿದ್ರು. ಆ ತೇಪೇಲೇ ಅದು ಹನ್ನೊಂದು ವರ್ಷ ಹಾಡ್ತು. ಮೆತ್ತಗಿನ ಹಾಡಿಗೆ ಏನೂ ತೊಂದ್ರೆ ಇಲ್ಲ, ಸಿ. ಅಶ್ವತ್ಥ್ ದನಿ ಏರಿಸಿದ್ರು ಅಂದ್ರೆ ಮುಗೀತು, ಜರ್‌ರ್, ತಗಡಿನ ಮೇಲೆ ಹುರುಳಿ ಸುರಿದ ಹಾಗೆ. ನಂಗೆ ಅಶ್ವತ್ಥ್ ಹಾಡೋದೇ ಹಾಗೆ ಅಂತ ಬಹಳ ವರ್ಷ ನಂಬಿಕೆ ಇತ್ತು.

ಆಮೇಲೆ ಇಂಜಿನಿಯರಿಂಗ್‌ಗೆ ಬೆಂಗ್ಳೂರು, ಹಾಸ್ಟೆಲ್ಲು, ರೂಮ್‌ಮೇಟ್ ಶಿಲ್ಲಾಂಗ್ ಹುಡ್ಗ, ಒಂದು ಟ್ರಂಕ್ ತುಂಬಾ ಕ್ಯಾಸೆಟ್. ನಂಗೆ ಇಂಗ್ಲಿಷ್ ಹಾಡಿನ ಪದ ಒಂದೂ ತಲೆಗೆ ಹೋಗ್ತಿರ್ಲಿಲ್ಲ, ಅವ್ನು ರಾತ್ರಿಯೆಲ್ಲ ಹಾಕ್ತಿದ್ದ, ನಾನು ದಿಂಬು ಕಿವಿಗೆ ಒತ್ಕೊಂಡು ಮಲಗ್ತಿದ್ದೆ. ಒಂದಿನ ಒಂದು ಹಾಡು ಶುರು ಆಯ್ತು, ಗಿಟಾರ್, ಎರಡೇ ಎರಡು ಸ್ವರದ ನಡುವೆ ಓಡಾಡ್ತಾ ಗುದ್ದೋ ಥರ, ನಾನು ಎದ್ದು ಕೂತೆ. ಹಾಡು ಇಷ್ಟ ಆಯ್ತು ಅಂತಲ್ಲ. ಆ ಸದ್ದು ನಮ್ಮನೆ ಸದ್ದು. ಅದೇ ಜರ್‌ರ್. "ನಿನ್ನ ಸ್ಪೀಕರ್ ಹರ್ದಿದೆ ಕಣೋ" ಅಂದೆ. ಅವ್ನು ಬಿದ್ದೂ ಬಿದ್ದೂ ನಕ್ಕ. ನನ್ನದಲ್ಲ, ಅವ್ರದ್ದು, ಅಂದ.

ಅದು ಕಿಂಕ್ಸ್ ಅನ್ನೋ ಲಂಡನ್ ಬ್ಯಾಂಡಿನ 'ಯು ರಿಯಲಿ ಗಾಟ್ ಮಿ', 1964. ಅಣ್ಣ ರೇ ಡೇವಿಸ್ ಹಾಡು ಬರ್ದಿದ್ದು, ತಮ್ಮ ಡೇವ್ ಗಿಟಾರು. ಡೇವ್‌ಗೆ ಆಗ 17 ವರ್ಷ. ಅವ್ನ ಹತ್ರ ಎಲ್ಪಿಕೋ ಅಂತ ಒಂದು ಪುಟಾಣಿ ಹಸಿರು ಆಂಪ್ಲಿಫೈಯರ್ ಇತ್ತು, ಮನೆ ಹತ್ರದ ರೇಡಿಯೋ ಅಂಗಡೀಲಿ ಕೊಂಡಿದ್ದು, ಅದ್ರಲ್ಲಿ ಬರೋ ಸಾಧು ಸದ್ದು ಅವ್ನಿಗೆ ಸುತರಾಂ ಇಷ್ಟ ಇಲ್ಲ, ಒಂದಿನ ತಲೆಕೆಟ್ಟು ಶೇವಿಂಗ್ ಬ್ಲೇಡ್ ತಗೊಂಡು ಅದ್ರ ಸ್ಪೀಕರ್ ಕೋನನ್ನ ಸೀಳಿಬಿಟ್ಟ. ಸೀಳಿದ ಕಾಗದ ಅದುರೋಕೆ ಶುರು, ಅದನ್ನ ತಗೊಂಡು ಹೋಗಿ ದೊಡ್ಡ ಆಂಪ್‌ಗೆ ಕನೆಕ್ಟ್ ಮಾಡಿದ, ಚಿಕ್ಕದು ಗೊರಕೆ ಹೊಡೆಯೋದು, ದೊಡ್ಡದು ಆ ಗೊರಕೇನ ಬೀದಿಗೆಲ್ಲ ಕೇಳ್ಸೋದು. ಅವ್ರಿಗೆ ಅದು ಮೂರನೇ ರೆಕಾರ್ಡು, ಮೊದಲೆರಡೂ ಮಕಾಡೆ ಮಲಗಿದ್ವು, ಇದೂ ಓಡ್ದಿದ್ರೆ ಬ್ಯಾಂಡ್ ಕಥೆ ಅಲ್ಲಿಗೇ ಮುಗಿಯೋದು. ಆಗಸ್ಟ್‌ನಲ್ಲಿ ಬಂತು, ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ನಂಬರ್ ಒನ್. (ಮಧ್ಯದ ಸೋಲೋ ಹೊಡೆದಿದ್ದು ಮುಂದೆ ಲೆಡ್ ಜೆಪ್ಲಿನ್ ಬ್ಯಾಂಡ್ ಕಟ್ಟಿದ ಜಿಮ್ಮಿ ಪೇಜ್ ಅಂತ ಒಂದು ಪುಕಾರು ಇವತ್ತಿಗೂ ಓಡಾಡ್ತಿದೆ, ಹೊಡೆದಿದ್ದು ಡೇವೇ. ಸ್ಪೀಕರ್ ಹರಿದೋನಿಗೆ ಅಷ್ಟಾದ್ರೂ ಸಲ್ಬೇಕಲ್ಲ.)

ನಂಗೂ ಅವ್ನಿಗೂ ಇದ್ದ ವ್ಯತ್ಯಾಸ ಅಂದ್ರೆ ಅವ್ನಿಗೆ ಬ್ಲೇಡು, ನಂಗೆ ಕೈವಾರ. ಮತ್ತೆ ಅವ್ನು ತೇಪೆ ಹಾಕಿಸೋಕೆ ಹೋಗ್ಲಿಲ್ಲ.

ಇಲ್ಲಿಂದ ನಂಗೆ ಹುಚ್ಚು ಹತ್ತಿದ್ದು. ರಾಕ್ ಅಂಡ್ ರೋಲ್‌ನ ಮರೆಯಕ್ಕಾಗದ ಗಳಿಗೆ ಅಂತ ಜನ ಪಟ್ಟಿ ಮಾಡ್ತಾರೆ, ದೊಡ್ಡ ಸ್ಟೇಡಿಯಂ, ಲಕ್ಷ ಜನ, ಬೆಂಕಿ ಹಚ್ಚಿದ ಗಿಟಾರ್ ಎಲ್ಲಾ ಅದ್ರಲ್ಲಿರುತ್ತೆ, ನಂಗೆ ಮಾತ್ರ ಈ ಏನೋ ಕೆಟ್ಟುಹೋದ ಗಳಿಗೆಗಳೇ ಬೇಕು. ಹುಡುಕ್ತಾ ಹೋದ್ರೆ ಶುರುವಿನಲ್ಲೇ ಒಂದು ಹರಿದ ಸ್ಪೀಕರ್ ಕೂತಿದೆ.

1951, ಮಾರ್ಚ್ ತಿಂಗಳು. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಅನ್ನೋ ಹತ್ತಿ ಬೆಳೆಯೋ ಊರಿಂದ ಒಂದು ಕಾರಲ್ಲಿ ಒಂದಷ್ಟು ಕಪ್ಪು ಹುಡುಗ್ರು ಸಾಮಾನೆಲ್ಲ ತುಂಬ್ಕೊಂಡು ಮೆಂಫಿಸ್‌ಗೆ ಹೊರಟ್ರು, ಬ್ಯಾಂಡ್ ಲೀಡರ್ ಐಕ್ ಟರ್ನರ್, 19 ವರ್ಷ. ದಾರೀಲಿ ಗಿಟಾರ್ ನುಡಿಸೋ ವಿಲ್ಲಿ ಕಿಝಾರ್ಟ್‌ನ ಆಂಪ್ ಕೆಟ್ಟುಹೋಯ್ತು, ಕಾರಿನ ಮೇಲಿಂದ ಬಿತ್ತು ಅಂತ ಒಬ್ರು, ಮಳೇಲಿ ನೆನೀತು ಅಂತ ಇನ್ನೊಬ್ರು, ಒಟ್ನಲ್ಲಿ ಕೋನ್ ಹರೀತು. ಯೂನಿಯನ್ ಅವೆನ್ಯೂ 706ನೇ ನಂಬರ್, ಒಂದು ಸಣ್ಣ ಸ್ಟುಡಿಯೋ, ನಡೆಸ್ತಿದ್ದೋರು ಸ್ಯಾಮ್ ಫಿಲಿಪ್ಸ್. ರಿಪೇರಿ ಮಾಡ್ಸೋಣ ಅಂದ್ರೆ ಆಗೋ ಹಾಗಿಲ್ಲ. ಫಿಲಿಪ್ಸ್ ಏನ್ ಮಾಡಿದ್ರು ಅಂದ್ರೆ ಕಾಗದ ಮುದುರಿ ಆ ಹರಿದ ಜಾಗಕ್ಕೆ ತುರುಕಿದ್ರು. ನಮ್ಮ ಅರಸೀಕೆರೆಯವ್ರ ಹಾಗೇ! ಆದ್ರೆ ಇವ್ರು ಫೆವಿಕಾಲ್ ಹಾಕ್ಲಿಲ್ಲ ಅನ್ನೋದೇ ಇಲ್ಲಿ ಮುಖ್ಯ. ಸದ್ದು ಒರಟಾಗಿ, ಸ್ಯಾಕ್ಸೋಫೋನ್ ಥರ ಗುರ್ ಅಂತ ಬಂತು, ಚೆನ್ನಾಗಿದೆ ಇರ್ಲಿ ಅಂದ್ರು. ಮರೆಮಾಚೋಕೂ ಹೋಗ್ಲಿಲ್ಲ, ಆ ಗಿಟಾರನ್ನ ಎಲ್ಲರಿಗಿಂತ ಮುಂದಕ್ಕೆ ತಂದು ರೆಕಾರ್ಡ್ ಮಾಡಿದ್ರು.

ಹಾಡು 'ರಾಕೆಟ್ 88', ಓಲ್ಡ್ಸ್‌ಮೊಬೈಲ್ ಕಂಪ್ನಿಯ ಒಂದು ಕಾರಿನ ಮೇಲೆ. ಷಿಕಾಗೋದ ಚೆಸ್ ಕಂಪ್ನಿಯವ್ರು ಪ್ಲೇಟ್ ಹೊರಡಿಸಿದ್ರು, ಜೂನ್ ಹೊತ್ತಿಗೆ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ಪಟ್ಟೀಲಿ ಒಂದನೇ ಸ್ಥಾನ. ಇದೇ ಮೊಟ್ಟಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅಂತ ಹೇಳೋರು ತುಂಬಾ ಜನ, ಅಲ್ಲ ಅಂತ ಜಗಳ ಆಡೋರೂ ಅಷ್ಟೇ ಜನ. ಪ್ಲೇಟಿನ ಮೇಲೆ ಹೆಸರು ಮಾತ್ರ ಜ್ಯಾಕಿ ಬ್ರೆನ್‌ಸ್ಟನ್ ಮತ್ತವನ ಡೆಲ್ಟಾ ಕ್ಯಾಟ್ಸ್. ಜ್ಯಾಕಿ ಅಂದ್ರೆ ಐಕ್ ಟರ್ನರ್ ಬ್ಯಾಂಡಲ್ಲೇ ಸ್ಯಾಕ್ಸೋಫೋನ್ ಊದ್ತಿದ್ದ ಹುಡ್ಗ, ಈ ಹಾಡು ಹಾಡಿದ್ದೂ ಅವ್ನೇ, ಆದ್ರೆ ಡೆಲ್ಟಾ ಕ್ಯಾಟ್ಸ್ ಅನ್ನೋ ಬ್ಯಾಂಡೇ ಇರ್ಲಿಲ್ಲ. ಐಕ್ ಹೆಸರು ಮಾಯ. ಆ ಹರಿದ ಆಂಪ್‌ನ ಒಡೆಯ ಕಿಝಾರ್ಟ್ ಹೆಸರಂತೂ ಕೇಳೋದೇ ಬೇಡ.

ಇಲ್ಲೊಂದು ವಿಷಯ ಹೇಳ್ಬೇಕು, ಯಾಕಂದ್ರೆ ಈ ಕಥೇನ ನಾನೂ ಬಹಳ ಸಲ ಸ್ನೇಹಿತರ ಮುಂದೆ ಬಣ್ಣ ಹಚ್ಚಿ ಹೇಳಿದೀನಿ, ಆಮೇಲೆ ಕಸಿವಿಸಿ ಆಗಿದೆ. ಗಿಟಾರಿಂದ ಒರಟು ಸದ್ದು ಬಂದಿದ್ದು ಅಪಘಾತದಿಂದ ಅನ್ನೋದು ಅರ್ಧ ಸತ್ಯ. ಹ್ಯೂಸ್ಟನ್‌ನ ಗೋರಿ ಕಾರ್ಟರ್ 1949ರಲ್ಲೇ ಗಿಟಾರ್ ಕಿರುಚೋ ಹಾಗೆ ನುಡಿಸಿದ್ದ. ಅದೇ ಮೆಂಫಿಸ್‌ನಲ್ಲಿ, ಅದೇ ಫಿಲಿಪ್ಸ್ ಸ್ಟುಡಿಯೋದಲ್ಲಿ, ಅದೇ 1951ರಲ್ಲಿ ಹೌಲಿನ್ ವುಲ್ಫ್ ಅನ್ನೋ ಬ್ಲೂಸ್ ಗಾಯಕನ ಜೊತೆ ನುಡಿಸ್ತಿದ್ದ ವಿಲ್ಲಿ ಜಾನ್ಸನ್ ಗಿಟಾರ್ ಕೇಳಿ, ಅಲ್ಲಿ ಯಾವ ಸ್ಪೀಕರ್ರೂ ಕಾರಿಂದ ಬಿದ್ದಿರ್ಲಿಲ್ಲ, ಮನುಷ್ಯ ಬೇಕು ಅಂತಲೇ ಆಂಪ್‌ನ ಪೂರ್ತಿ ತಿರುಗಿಸಿ ಅದ್ರ ಉಸಿರು ಕಟ್ಟಿಸ್ತಿದ್ದ. ಅಂದ್ರೆ ಆ ಸದ್ದು ಬೇಕು ಅಂತ ಕಿವಿ ಇದ್ದೋರು ಆಗ್ಲೇ ಇದ್ರು. ಆದ್ರೂ ಕಾರಿಂದ ಬಿದ್ದ ಕಥೇನೇ ಯಾಕೆ ಇಷ್ಟು ಓಡ್ತು? ಆಕಸ್ಮಿಕಕ್ಕೆ ಯಾರೂ ಒಡೆಯ ಇಲ್ಲ, ಅದಕ್ಕೆ ರಾಯಲ್ಟಿ ಕೊಡೋದೂ ಬೇಕಿಲ್ಲ. ನನ್ನ ಅನುಮಾನ ಅಷ್ಟೇ, ಆದ್ರೆ ಬಲವಾದ ಅನುಮಾನ.

ಅದೇ ಕಟ್ಟಡಕ್ಕೆ ಮೂರು ವರ್ಷ ಆದ್ಮೇಲೆ ಬನ್ನಿ, ಜುಲೈ 5, 1954, ಸೋಮವಾರ ರಾತ್ರಿ, ಮೆಂಫಿಸ್ ಸೆಕೆ. ಎಲ್ವಿಸ್ ಪ್ರೆಸ್ಲಿ ಅನ್ನೋ 19 ವರ್ಷದ ಹುಡುಗ, ಹಗಲು ಹೊತ್ತು ಒಂದು ಎಲೆಕ್ಟ್ರಿಕಲ್ ಕಂಪ್ನಿ ಟ್ರಕ್ ಓಡಿಸ್ತಾನೆ. ಜೊತೆಗೆ ಸ್ಕಾಟಿ ಮೂರ್ ಗಿಟಾರು, ಬಿಲ್ ಬ್ಲ್ಯಾಕ್ ದೊಡ್ಡ ಬೇಸು, ಡ್ರಮ್ಸ್‌ನವ್ರೇ ಇಲ್ಲ. ಗಂಟೆಗಟ್ಲೆ ನಿಧಾನದ ಪ್ರೇಮಗೀತೆ ಹಾಡಿಸಿ ನೋಡಿದ್ರು, ಒಂದೂ ಕೂರ್ತಿಲ್ಲ, ಸಪ್ಪೆ. ಎಲ್ರಿಗೂ ಸುಸ್ತು, ಒಂದು ಬ್ರೇಕ್ ಕೊಟ್ರು. ಬ್ರೇಕಲ್ಲಿ ಹುಡುಗ ಗಿಟಾರ್ ಕೆರೀತಾ, ಕುಣೀತಾ, ಕೋತಿಯಾಟ ಆಡ್ತಾ ಒಂದು ಹಳೇ ಬ್ಲೂಸ್ ಹಾಡು ಎತ್ಕೊಂಡ, 'ದಟ್ಸ್ ಆಲ್ ರೈಟ್', ಆರ್ಥರ್ ಕ್ರಡಪ್ ಅನ್ನೋ ಕಪ್ಪು ಗಾಯಕ 1946ರಲ್ಲಿ ಹಾಡಿದ್ದು. ಬಿಲ್ಲೂ ಎದ್ದು ಬೇಸ್ ಬಡಿಯೋಕೆ ಶುರು ಮಾಡಿದ, ಸ್ಕಾಟಿ ಸೇರ್ಕೊಂಡ. ಒಳಗಿನ ರೂಮಿಂದ ಫಿಲಿಪ್ಸ್ ತಲೆ ಹೊರಗೆ ಹಾಕಿ ಏನ್ ಮಾಡ್ತಿದೀರಪ್ಪಾ ಅಂದ್ರು. ಗೊತ್ತಿಲ್ಲ ಅಂದ್ರು ಇವ್ರು. ಹಾಗಾದ್ರೆ ಸ್ವಲ್ಪ ಹಿಂದಕ್ಕೆ ಹೋಗಿ, ಎಲ್ಲಿಂದ ಶುರು ಮಾಡ್ಬೇಕು ನೋಡ್ಕೊಳ್ಳಿ, ಇನ್ನೊಂದ್ಸಲ ಮಾಡಿ ಅಂದ್ರು.

ಆ 'ಇನ್ನೊಂದ್ಸಲ ಮಾಡಿ' ನಂಗೆ ಬಹಳ ಇಷ್ಟ. ಬೇರೆ ಯಾರಾದ್ರೂ ಆಗಿದ್ರೆ ಸಾಕು ಆಟ, ಟೇಪ್ ದುಡ್ಡು ದಂಡ, ಬನ್ನಿ ಕೆಲ್ಸಕ್ಕೆ ಅಂದಿರೋರು.

ಕೆಲವೇ ದಿನದಲ್ಲಿ ಮೆಂಫಿಸ್‌ನ ರೇಡಿಯೋದಲ್ಲಿ ಡ್ಯೂಯಿ ಫಿಲಿಪ್ಸ್ ಅನ್ನೋ ಡಿಜೆ ಅದನ್ನ ಹಾಕಿದ (ಹೆಸರು ಒಂದೇ, ಸ್ಯಾಮ್‌ಗೆ ಸಂಬಂಧಿ ಅಲ್ಲ), ಜನ ಫೋನ್ ಮೇಲೆ ಫೋನ್ ಮಾಡಿದ್ರು, ಅದೇ ರಾತ್ರಿ ಮತ್ತೆ ಮತ್ತೆ ಹಾಕಿದ. ನಮ್ಮ ಹೀರೋ ಎಲ್ಲಿದ್ದ ಅಂದ್ರೆ ಹೆದರಿ ಸಿನಿಮಾ ಥಿಯೇಟರ್ ಕತ್ತಲಲ್ಲಿ ಕೂತಿದ್ದ, ಅಪ್ಪ ಅಮ್ಮ ಹುಡುಕ್ಕೊಂಡು ಹೋಗಿ ಎಬ್ಬಿಸ್ಕೊಂಡು ಬಂದ್ರು. ಸ್ಟುಡಿಯೋದಲ್ಲಿ ಡ್ಯೂಯಿ ಮೈಕ್ ಆನ್ ಆಗಿದೆ ಅಂತಲೂ ಹೇಳದೆ ಸುಮ್ನೆ ಮಾತಾಡಿಸಿದ, ಮಧ್ಯೆ ಯಾವ ಹೈಸ್ಕೂಲ್ ಅಂತ ಒಂದು ಪ್ರಶ್ನೆ ಹಾಕಿದ. ಹ್ಯೂಮ್ಸ್ ಅಂದ ಹುಡುಗ. ಅಷ್ಟು ಸಾಕಿತ್ತು, ಕಪ್ಪು ಮಕ್ಕಳಿಗೆ ಒಂದು ಶಾಲೆ ಬಿಳಿ ಮಕ್ಕಳಿಗೆ ಒಂದು ಶಾಲೆ ಇದ್ದ ಊರದು, ದನಿ ಕೇಳಿ ಕಪ್ಪು ಹುಡುಗ ಅನ್ಕೊಂಡಿದ್ದ ಕೇಳುಗರಿಗೆಲ್ಲ ಈತ ಬಿಳಿಯ ಅಂತ ಗೊತ್ತಾಯ್ತು. ಜಾತಿ ಕೇಳೋಕೆ ನಮ್ಮಲ್ಲಿ ಯಾವ ಊರು, ಯಾವ ಬೀದಿ ಅಂತ ಕೇಳ್ತಾರಲ್ಲ, ಥೇಟ್ ಹಾಗೆ. ಆ ಹಾಡು ಬರೆದ ಕ್ರಡಪ್‌ಗೆ ಅದ್ರ ದುಡ್ಡು ಜೀವನ ಪೂರ್ತಿ ಸರಿಯಾಗಿ ಕೈ ಸೇರ್ಲೇ ಇಲ್ಲ, 1974ರಲ್ಲಿ ತೀರ್ಕೊಂಡ್ರು.

ಕೆಟ್ಟ ಸದ್ದನ್ನ ಡಬ್ಬೀಲಿ ತುಂಬಿ ಮಾರಿದ ಕಥೆ ಇನ್ನೂ ಮಜಾ. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅನ್ನೋರ 'ಡೋಂಟ್ ವರಿ' ರೆಕಾರ್ಡಿಂಗ್, ಪಾಪದ ಕಂಟ್ರಿ ಹಾಡು. ಗ್ರೇಡಿ ಮಾರ್ಟಿನ್ ಬೇಸ್ ಗಿಟಾರ್ ನುಡಿಸ್ತಿದ್ದಾಗ ಮಿಕ್ಸಿಂಗ್ ಟೇಬಲ್‌ನ ಒಂದು ಚಾನೆಲ್ ಕೈಕೊಡ್ತು, ನಡುವೆ ಗಿಟಾರ್ ಬದಲು ದುಂಬಿ ಗೂಡಿಗೆ ಕಲ್ಲು ಹೊಡೆದ ಹಾಗೆ ಸದ್ದು. ಅದನ್ನ ಹಾಗೇ ಬಿಟ್ರು, 1961ರಲ್ಲಿ ಹಿಟ್ ಆಯ್ತು. ಬೇರೆಯವ್ರೂ ಬಂದು ನಮಗೂ ಅದೇ ಸದ್ದು ಕೊಡಿ ಅನ್ನೋಕೆ ಶುರು, ಅಷ್ಟೊತ್ತಿಗೆ ಕೆಟ್ಟ ಚಾನೆಲ್ ಪೂರ್ತಿ ಸತ್ತೇ ಹೋಗಿತ್ತು! ಇಂಜಿನಿಯರ್ ಗ್ಲೆನ್ ಸ್ನಾಡಿ ಕೂತು, ಅದು ಹೇಗೆ ಕೆಟ್ಟಿತ್ತೋ ಹಾಗೇ ಕೆಡೋ ಒಂದು ಟ್ರಾನ್ಸಿಸ್ಟರ್ ಸರ್ಕ್ಯೂಟ್ ಮಾಡಿದ, ಗಿಬ್ಸನ್ ಕಂಪ್ನಿ ತಗೊಂಡು 1962ರಲ್ಲಿ ಮೇಸ್ಟ್ರೋ ಫಝ್-ಟೋನ್ ಅಂತ ಮಾರ್ಕೆಟ್‌ಗೆ ಬಿಡ್ತು, ಕಾಲಲ್ಲಿ ಒತ್ತೋ ಪೆಡಲ್ಲು. ಕೆಟ್ಟಿರೋದನ್ನ ರಿಪೇರಿ ಮಾಡೋ ಇಂಜಿನಿಯರ್‌ಗಳ ಬಗ್ಗೆ ನಮಗೆ ಕಾಲೇಜಲ್ಲಿ ಪಾಠ ಮಾಡಿದ್ರು, ಚೆನ್ನಾಗಿರೋದನ್ನ ಬೇಕಾದ ಹಾಗೆ ಕೆಡಿಸೋಕೂ ಇಂಜಿನಿಯರೇ ಬೇಕು ಅಂತ ಯಾರೂ ಹೇಳ್ಲಿಲ್ಲ.

ಪೆಡಲ್ ಮೊದ್ಲು ಅಂಗಡೀಲೇ ಧೂಳು ತಿಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ನಿದ್ದೆಗಣ್ಣಲ್ಲಿ ಎದ್ದು ಒಂದು ಟ್ಯೂನ್ ಟೇಪ್ ರೆಕಾರ್ಡರ್‌ಗೆ ನುಡಿಸಿ ಮತ್ತೆ ಮಲಗಿಬಿಟ್ಟ, ಬೆಳಿಗ್ಗೆ ಹಾಕಿದ್ರೆ ಸ್ವಲ್ಪ ಗಿಟಾರು, ಮಿಕ್ಕಿದ್ದೆಲ್ಲ ಗೊರಕೆ. ಅದು 'ಸ್ಯಾಟಿಸ್‌ಫ್ಯಾಕ್ಷನ್'. ರೆಕಾರ್ಡಿಂಗ್‌ನಲ್ಲಿ ಈ ಪೆಡಲ್ ಒತ್ತಿದ್ದು ಒಂದು ಗುರುತಿಗೆ ಅಂತ, ಮುಂದೆ ಅಲ್ಲಿ ಕಹಳೆ ಥರದ ವಾದ್ಯ ಬರ್ಬೇಕು ಅನ್ನೋದು ಅವ್ನ ಲೆಕ್ಕ. ಉಳಿದೋರು ಕೇಳ್ಲಿಲ್ಲ, ಹೀಗೇ ಇರ್ಲಿ ಅಂತ ಹೊರಗೆ ಬಿಟ್ರು, ಅಮೆರಿಕದಲ್ಲಿ ಅವ್ರ ಮೊದಲ ನಂಬರ್ ಒನ್ ಅದು. ಆ ವರ್ಷ ಪೆಡಲ್ಲೂ ಖಾಲಿ. ಅದೇ ಬ್ಯಾಂಡ್ 2003ರ ಏಪ್ರಿಲ್‌ನಲ್ಲಿ ಬೆಂಗ್ಳೂರು ಅರಮನೆ ಮೈದಾನಕ್ಕೆ ಬಂದಿತ್ತು. ಆಗ ನನ್ನ ಜೇಬಲ್ಲಿ ಇದ್ದಿದ್ದು ಬಸ್ ಪಾಸು.

ನಮ್ಮೂರ ಮೈಕ್‌ಸೆಟ್ ನೆನಪಾಗೋ ಹಾಡೂ ಒಂದಿದೆ. ಜಾತ್ರೇಲಿ, ರಾಜ್ಯೋತ್ಸವದಲ್ಲಿ ಮೈಕ್ ಟೆಸ್ಟಿಂಗ್ ಹಲೋ ಹಲೋ ಅನ್ನೋವಾಗ ಹಾರ್ನ್ ಹತ್ರ ಮೈಕ್ ಹೋದ್ರೆ ಕೊಂಯ್ಯ್ ಅಂತ ಕಿರುಚುತ್ತಲ್ಲ, ಎಲ್ರೂ ಕಿವಿ ಮುಚ್ಕೊಂಡು ಮೈಕ್‌ಸೆಟ್‌ನವ್ನಿಗೆ ಬೈತಾರಲ್ಲ, ಅದೇ ಫೀಡ್‌ಬ್ಯಾಕು. ಬೀಟಲ್ಸ್ 1964ರ ಅಕ್ಟೋಬರ್‌ನಲ್ಲಿ 'ಐ ಫೀಲ್ ಫೈನ್' ಮಾಡೋವಾಗ ಜಾನ್ ಲೆನನ್ ತನ್ನ ಗಿಟಾರನ್ನ ಆಂಪ್‌ಗೆ ಒರಗಿಸಿಟ್ಟಿದ್ದ, ಪಾಲ್ ಬೇಸಲ್ಲಿ ಒಂದು ಸ್ವರ ಮೀಟಿದ ತಕ್ಷಣ ಯಾರೂ ಮುಟ್ಟದೆ ಇದ್ದ ಗಿಟಾರ್ ತಾನೇ ಕೊಂಯ್ ಅಂತು. ಇದನ್ನ ಇಟ್ಕೋಬಹುದಾ ಅಂತ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್‌ನ ಕೇಳಿದ್ರು, ಆಯ್ತು ಅಂದ್ರು ಅವ್ರು, ಹಾಡಿನ ಮೊದಲ ಸದ್ದೇ ಅದು. ಬೇಕಂತಲೇ ಮತ್ತೆ ಮಾಡಿ ರೆಕಾರ್ಡ್ ಮಾಡಿದ್ದು.

ಮೆಷೀನ್ ಮಾತ್ರ ಅಲ್ಲ, ಮೈಯೂ ಕೆಡುತ್ತೆ. ಬರ್ಮಿಂಗ್‌ಹ್ಯಾಮ್‌ನ ಟೋನಿ ಐಯೊಮಿಗೆ 17 ವರ್ಷ, ಶೀಟ್ ಮೆಟಲ್ ಫ್ಯಾಕ್ಟರೀಲಿ ಕೆಲ್ಸ, ಬ್ಯಾಂಡ್ ಜೊತೆ ಯುರೋಪ್ ಟೂರ್ ಸಿಕ್ಕಿದೆ ಅಂತ ಕೆಲ್ಸ ಬಿಟ್ಟಿದ್ದ, ಅವತ್ತು ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೋನು ಇನ್ನು ಹೋಗಲ್ಲ ಅಂದ, ಹಾಗೆಲ್ಲ ಅರ್ಧಕ್ಕೆ ಬಿಡ್ಬಾರ್ದು ಪೂರ್ತಿ ಮುಗಿಸಿ ಬಾ ಅಂತ ಅಮ್ಮ ವಾಪಸ್ ಕಳಿಸಿದ್ರು. ಯಾವ ಅಮ್ಮ ಆದ್ರೂ ಹೇಳೋ ಮಾತೇ. ಪ್ರೆಸ್ ಮೆಷೀನ್ ನಡೆಸೋರು ರಜಾ ಅಂತ ಇವ್ನನ್ನ ಅಲ್ಲಿ ನಿಲ್ಲಿಸಿದ್ರು, ಬಲಗೈಯ ಎರಡು ಬೆರಳ ತುದಿ ಹೋಯ್ತು. ಇವ್ನು ಎಡಚ, ತಂತಿ ಒತ್ತೋದು ಆ ಬಲಗೈಯಲ್ಲೇ. ಮುಗೀತು ಅಂತ ಕೂತಿದ್ದಾಗ ಫ್ಯಾಕ್ಟರಿ ಮ್ಯಾನೇಜರ್ ಬಂದು ಜ್ಯಾಂಗೋ ರೈನ್‌ಹಾರ್ಟ್ ಅನ್ನೋ ಗಿಟಾರ್ ವಾದಕನ ಒಂದು ಪ್ಲೇಟ್ ಕೇಳಿಸಿದ್ರು, ಕೇಳಿದ್ಮೇಲೆ ಈತ ಎರಡೇ ಬೆರಳಲ್ಲಿ ನುಡಿಸೋದು ಅಂದ್ರು, ಬೆಂಕಿ ಅನಾಹುತದಲ್ಲಿ ಕೈ ಸುಟ್ಟಿದ್ದ ಮನುಷ್ಯ ಆತ. ಟೋನಿ ಪಾತ್ರೆ ತೊಳೆಯೋ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ಮೇಲೆ ಚರ್ಮದ ಚೂರು ಅಂಟಿಸ್ದ. ದಪ್ಪ ತಂತಿ ಒತ್ತಿದ್ರೆ ನೋವು, ಅದಕ್ಕೆ ಸಣ್ಣ ತಂತಿ, ಆಮೇಲಾಮೇಲೆ ತಂತೀನ ಸಡಿಲ ಬಿಟ್ಟು ಶ್ರುತಿ ಕೆಳಗಿಳಿಸ್ದ. 1970ರ ಫೆಬ್ರವರಿಯಲ್ಲಿ ಅವ್ನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂತು, ಹೆವಿ ಮೆಟಲ್ ಅನ್ನೋ ಒಂದು ಕುಲವೇ ಅಲ್ಲಿಂದ ಹುಟ್ಟಿದ್ದು. ಬೆಂಗ್ಳೂರಿನ ಕಪ್ಪು ಟೀಶರ್ಟ್ ಹುಡುಗ್ರು ಇವತ್ತಿಗೂ ಆ ಕುಲದೋರೇ.

ಇಷ್ಟೆಲ್ಲ ಆದ್ಮೇಲೂ ಆ ಕೆಟ್ಟ ಸದ್ದಿಗೆ ಏನಾದ್ರೂ ಹೇಳೋಕೆ ಬರುತ್ತಾ ಅನ್ನೋ ಪ್ರಶ್ನೆ ಇತ್ತು ನಂಗೆ. ಬರುತ್ತೆ. ವುಡ್‌ಸ್ಟಾಕ್ ಅನ್ನೋ ಅಮೆರಿಕದ ದೊಡ್ಡ ಸಂಗೀತ ಜಾತ್ರೆ, ಆಗಸ್ಟ್ 18, 1969. ಭಾನುವಾರ ರಾತ್ರಿ ಮುಗೀಬೇಕಿದ್ದ ಕಾರ್ಯಕ್ರಮ ಮಳೆ, ಕೆಸರು, ಗೊಂದಲದಲ್ಲಿ ಎಳೆದೂ ಎಳೆದೂ ಸೋಮವಾರ ಬೆಳಿಗ್ಗೆಗೆ ಬಂತು. ನಾಲ್ಕು ಲಕ್ಷದ ಮೇಲಿದ್ದ ಜನ ಕೆಲ್ಸಕ್ಕೆ ಹೋಗ್ಬೇಕಲ್ಲ, ಕರಗಿ ಕರಗಿ ಹತ್ತರಲ್ಲಿ ಒಂದು ಪಾಲೂ ಉಳಿದಿರ್ಲಿಲ್ಲ, ಜಾತ್ರೆ ಮುಗಿದ ಮಾರನೇ ದಿನದ ಬಯಲಿನ ಥರ ಕಸ, ಒದ್ದೆ ಕಂಬಳಿ. ಆಗ ಜಿಮಿ ಹೆಂಡ್ರಿಕ್ಸ್ ಹತ್ತಿದ್ದು. ನುಡಿಸ್ತಾ ನುಡಿಸ್ತಾ ಅಮೆರಿಕದ ರಾಷ್ಟ್ರಗೀತೆಗೆ ಬಂದ, ಒಬ್ನೇ, ಹಿಂದೆ ಡ್ರಮ್ಸ್ ಮಾತ್ರ. ಮೊದಲೆರಡು ಸಾಲು ನೆಟ್ಟಗೆ. ಸಾಹಿತ್ಯದಲ್ಲಿ ರಾಕೆಟ್ಟು ಬಾಂಬು ಅಂತ ಬರೋ ಜಾಗಕ್ಕೆ ಬಂದಾಗ ಗಿಟಾರ್ ಹಾಡೋದು ಬಿಟ್ಟು ಬಿತ್ತು, ವಿಮಾನ ಕೆಳಗಿಳಿಯೋ ಸೀಟಿ, ಸಿಡಿತ, ಯಾರೋ ಚೀರೋದು, ಎಲ್ಲಾ ಆ ಫಝ್ಝು, ಆ ಫೀಡ್‌ಬ್ಯಾಕು. ವಿಯೆಟ್ನಾಂ ಯುದ್ಧ ನಡೀತಿರೋ ವರ್ಷ ಅದು, ಹೆಂಡ್ರಿಕ್ಸೇ ಸೇನೆಯ 101ನೇ ಏರ್‌ಬೋರ್ನ್ ಡಿವಿಷನ್‌ನಲ್ಲಿ ಇದ್ದು ಬಂದೋನು, ಬಾಯಲ್ಲಿ ಒಂದು ಪದ ಹೇಳ್ಲಿಲ್ಲ. ಮುಂದಿನ ತಿಂಗಳು ಟೀವಿಯಲ್ಲಿ ಕೇಳಿದ್ರೆ, ನಂಗೆ ಅದು ಸುಂದರವಾಗಿದೆ ಅನ್ನಿಸ್ತು ಅಂದ, ಅಷ್ಟೇ. ನಾನು ಆ ವಿಡಿಯೋ ಎಷ್ಟು ಸಲ ನೋಡಿದೀನೋ, ಪ್ರತಿ ಸಲ ಆ ಬೀಳೋ ಸದ್ದಿಗೆ ಕತ್ತು ತಂತಾನೇ ಮೇಲೆ ಹೋಗುತ್ತೆ, ಆಕಾಶ ನೋಡೋಕೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡ್ತಾ ಟೂ-ಇನ್-ಒನ್ ಸಿಕ್ತು. ಬೆಲ್ಟ್ ಹೋಗಿದೆ, ಕ್ಯಾಸೆಟ್ ತಿರುಗಲ್ಲ. ಹಿಂದಿನ ಸ್ಕ್ರೂ ಬಿಚ್ಚಿದೆ, ಸ್ಪೀಕರ್ ಅಲ್ಲೇ ಇದೆ, ಫೆವಿಕಾಲ್ ಹಳದಿ ಆಗಿದೆ, ತೇಪೆ ಮೇಲೆ ಯಾರದೋ ಮದ್ವೆಯ ಬಂಗಾರದ ಬಳ್ಳಿ ಇನ್ನೂ ಅರ್ಧ ಕಾಣುತ್ತೆ. ಹಾಸನದ ಸ್ಪೀಕರ್ ಕೊನೆಗೂ ಬರ್ಲೇ ಇಲ್ಲ. ಬ್ಯಾಗಲ್ಲಿ ಎಸ್.ಪಿ. ರೋಡಲ್ಲಿ ಕೊಂಡ ಸಣ್ಣದೊಂದು ಆಂಪ್ ಬೋರ್ಡ್ ಇತ್ತು, ಎರಡು ವೈರ್ ಸುತ್ತಿ ಮೊಬೈಲ್‌ಗೆ ಹಾಕಿದೆ, ಮೊದ್ಲು ಕಿಂಕ್ಸ್. ಹರಿದ ಸ್ಪೀಕರ್ ಸದ್ದು ಹರಿದ ಸ್ಪೀಕರ್‌ನಲ್ಲಿ, ಏನು ಹೇಳೋದು.

ಅಡುಗೆಮನೆಯಿಂದ ಅಮ್ಮ, "ಅದನ್ಯಾಕೋ ಮತ್ತೆ ತೆಗ್ದೆ, ಗಾರೆ ಕೆರೆಯೋ ಹಂಗಿದೆ, ಆರ್ಸೋ."

ಅಪ್ಪ ಜಗಲಿಯಿಂದ ಎದ್ದು ಬಂದ್ರು, ಕನ್ನಡಕ ಏರಿಸಿ ಬಗ್ಗಿ ತೇಪೆ ನೋಡಿದ್ರು. ಈ ವಯಸ್ಸಲ್ಲಿ ಹೇಳೋಕೇನು ಅಂತ, "ಅಪ್ಪ, ಅದು ಇಲಿ ಕಡ್ದಿದ್ದಲ್ಲ" ಅಂದೆ.

"ಗೊತ್ತು. ಕೈವಾರದ ಮೊನೆ ಬಗ್ಗಿತ್ತಲ್ಲೋ. ಇದೆಲ್ಲ ಇರ್ಲಿ, ಅಶ್ವತ್ಥ್ ಹಾಕು."

ಹಾಕ್ದೆ. ಮೊದಲು ಮೆತ್ತಗೆ ಎತ್ಕೊಂಡ್ರು. ದನಿ ಏರೋ ಜಾಗ ಬರೋ ಮುಂಚೆನೇ ಅಪ್ಪನ ಬೆರಳು ಜಾಲರಿ ಕಡೆ ತೋರಿಸ್ತಾ ಇತ್ತು, ಈಗ ನೋಡು, ಈಗ.